ಕಾಲುಪೇಟಿಗೆ ಬದಲಾಗಿ ಬಂದ ಸೀರೆಗಳು

ಕಸುಬಿನ ಸಾಮಾನು ಸ್ವಂತದ್ದಾಗಿರಬೇಕು ಎಂಬುದು ಲೋಕದಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಕ್ಷೌರಿಕನ ಕತ್ತಿ ಕ್ಷೌರಿಕನದೇ, ದರ್ಜಿಯ ಕತ್ತರಿ ದರ್ಜಿಯದೇ. ಅಡಿಗೆಯವನು ಕೂಡ ಮದುವೆ ಮನೆಗೆ ಹೋಗುವಾಗ ತನ್ನ ಸೌಟನ್ನು ಬಗಲಲ್ಲಿಟ್ಟುಕೊಂಡೇ ಹೋಗುತ್ತಾನೆ. ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದ ನಾನು ಮಾತ್ರ ಪರರ ಪೇಟಿಯ ಮೇಲೆ ಬೆರಳಾಡಿಸಿ ಹೊಟ್ಟೆ ಹೊರೆಯುತ್ತಿದ್ದೆ. ಹರಿದು ಹಂಚಿಹೋದ ಕನ್ನಡ ನಾಡು ಒಂದಾಗಬೇಕೆಂಬ ಮಾತು ರೋಣ, ನರಗುಂದಗಳ ಚಹಾದಂಗಡಿಗಳಲ್ಲೆಲ್ಲ ನಡೆದಿದ್ದ ವರ್ಷಗಳವು. ದೊಡ್ಡವರೆಲ್ಲ ಆ ಚಿಂತೆಯಲ್ಲಿದ್ದಾಗ ನನಗಿದ್ದುದು ಒಂದೇ ಚಿಂತೆ, ಸ್ವಂತದ್ದೊಂದು ಕಾಲುಪೇಟಿ. ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಯಿಂದ ನುಡಿಸುವ, ಮೇಜಿನಷ್ಟು ಎತ್ತರದ ಆ ಹಾರ್ಮೋನಿಯಂ ಇದ್ದವನೇ ಕಂಪನಿಗಳಲ್ಲಿ ನಿಜವಾದ ಮಾಸ್ತರ. ಪೇಟಿಯ ಸಮೇತ ಬಂದವನನ್ನು ಮಾಲಕರು "ಬರ್ರಿ" ಎಂದು ಕರೆಯುತ್ತಾರೆ, ಪಗಾರದ ಜೊತೆಗೆ ಪೇಟಿಯ ಬಾಡಿಗೆಯನ್ನೂ ಕೊಡುತ್ತಾರೆ. ಬರಿಗೈಯಲ್ಲಿ ಬಂದವನಿಗೆ ಬರೀ "ಬಾ". ನಾನು ವರ್ಷಗಟ್ಟಲೆ "ಬಾ" ಎನ್ನಿಸಿಕೊಂಡವನು.

ಕಂಪನಿಯ ಪೇಟಿಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅದರ ತಿದಿಯ ತೊಗಲನ್ನು ಇಲಿಗಳು ತಿಂದಿದ್ದವು. ನಮ್ಮ ತಬಲಾದವನು ಹರಿದ ತಬಲಾದ ತೊಗಲಿನಿಂದಲೇ ಅದಕ್ಕೆ ತೇಪೆ ಹಾಕಿದ್ದ. ನಾಯಕಿಯ ಪಾತ್ರದ ಬಸಣ್ಣ ಹಾಡುವುದು ಕರಿ ಎರಡರ, ಎಂದರೆ ಎರಡನೆಯ ಕಪ್ಪು ಪಟ್ಟಿಯ, ಶ್ರುತಿಯಲ್ಲಿ. ಸರಿಯಾಗಿ ಆ ಕರಿ ಪಟ್ಟಿಯೇ ಮೂಕ. ಮೂಕವಲ್ಲದ ಇನ್ನೊಂದು ಪಟ್ಟಿಗೆ ಬಾಯಿ ಮುಚ್ಚುವುದೇ ಗೊತ್ತಿರಲಿಲ್ಲ. ನರಗುಂದದ ಕ್ಯಾಂಪಿನಲ್ಲಿ ರಾಜ ಸಾಯುವ ದೃಶ್ಯ ನಡೆದಿತ್ತು. ರಾಜ ಸತ್ತ, ನಾನು ಕೈ ತೆಗೆದೆ, ಪೇಟಿ ಮಾತ್ರ "ಕುಂಯ್" ಎಂದು ತನ್ನಷ್ಟಕ್ಕೆ ತಾನೇ ಹಾಡತೊಡಗಿತು. ಸತ್ತ ರಾಜ ಒಂದು ಕಣ್ಣು ತೆರೆದು ನನ್ನನ್ನು ದುರುಗುಟ್ಟಿ ನೋಡಿದ. ನಾನು ಬೆವರಿ ನೀರಾದೆ. ಆದರೆ ಜನ ಅದನ್ನು ರಾಜನ ಪ್ರಾಣ ಹೋಗುವ ಸಪ್ಪಳವೆಂದೇ ತಿಳಿದರು. ಹೆಂಗಸರ ಕಡೆಯಿಂದ ಬಿಕ್ಕುವುದು ಕೇಳಿಸಿತು. ಮರುದಿನ ಪೇಟಿಯ ರಿಪೇರಿಯ ಮಾತೆತ್ತಿದರೆ ಮಾಲಕರು, "ಅದಕ್ಕ ಕೈ ಹಚ್ಚಿದರ ನೋಡ! ಮಂದಿಗೆ ಅದ ಭಾಳ ಸೇರೈತಿ" ಎಂದುಬಿಟ್ಟರು. ಅಂದಿನಿಂದ ರಾಜ ಸತ್ತಾಗಲೆಲ್ಲ ಆ ಪಟ್ಟಿಯೇ ಅಳುವ ಏರ್ಪಾಡಾಯಿತು.

ನನ್ನ ಕನಸಿನ ಪೇಟಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿತ್ತು. ಸಾಗವಾನಿಯ ಮೈ, ಒಳಗೆ ನಾದ ಹೊರಡಿಸುವ ಜರ್ಮನಿಯ ಹಿತ್ತಾಳೆ ಸ್ವರಗಳು. ಹುಬ್ಬಳ್ಳಿಯ ಕಡೆ ಯಾವ ಕೆಲಸ ಬಂದರೂ ನಾನು ಹೋಗುತ್ತೇನೆಂದು ಮುಂದಾಗುತ್ತಿದ್ದೆ. ಅಂಗಡಿಯವನು ಮೊದಮೊದಲು ಕುರ್ಚಿ ಕೊಟ್ಟ, ಆಮೇಲೆ ನಿಲ್ಲಲು ಬಿಟ್ಟ, ಕಡೆಗೆ ನನ್ನನ್ನು ಕಂಡ ಕೂಡಲೇ ಪೇಟಿಗೆ ಅರಿವೆ ಮುಚ್ಚತೊಡಗಿದ. ಆ ಪೇಟಿಗಾಗಿ ಚಹಾ ಬಿಟ್ಟೆ. ಎಲೆ ಅಡಿಕೆ ಕೊಳ್ಳುವುದನ್ನೂ ಬಿಟ್ಟೆ. ಕೊಳ್ಳುವುದನ್ನು ಬಿಟ್ಟೆನೇ ಹೊರತು ತಿನ್ನುವುದನ್ನಲ್ಲ, ಬಸಣ್ಣನ ಚಂಚಿ ಇತ್ತಲ್ಲ! ಹೀಗೆ ಕೂಡಿಟ್ಟರೂ ಪೇಟಿಯ ಬೆಲೆಗೆ ಇನ್ನೂ ಅರ್ಧ ಬೇಕಾಗಿತ್ತು. ಅಷ್ಟರಲ್ಲಿ ಕಂಪನಿ ಗಜೇಂದ್ರಗಡಕ್ಕೆ ಬಂತು. ಮಾಲಕರಿಗೆ ಏನು ಕರುಣೆ ಉಕ್ಕಿತೋ, ಅಲ್ಲಿ ನನ್ನ ಹೆಸರಿನ ಮೇಲೊಂದು ಬೆನಿಫಿಟ್ ಆಟ ಗೊತ್ತುಮಾಡಿದರು.

ಬೆನಿಫಿಟ್ ಆಟವೆಂದರೆ ಟಿಕೀಟಿನ ಹಣ ಕಲಾವಿದನಿಗೆ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಭೋಳೆತನ. ಗ್ಯಾಸ್ ಬತ್ತಿ, ಜಾಗದ ಬಾಡಿಗೆ, ಹ್ಯಾಂಡಬಿಲ್ಲು ಎಂದು ಮುರಿದುಕೊಂಡ ಮೇಲೆ ಉಳಿಯುವುದು ಮಾಲಕರ ಆಶೀರ್ವಾದವೊಂದೇ. ನಿಜವಾದ ಗಳಿಕೆ ಆಯೇರಿಯದು. ಆಟದ ನಡುವೆ ಊರವರು ರಂಗದ ಮೇಲೆ ಬಂದು, ಹೆಸರು ಕೂಗಿ, ಉಡುಗೊರೆ ಕೊಡುವ ಪದ್ಧತಿ ಅದು. ಆಯೇರಿ ಚೆನ್ನಾಗಿ ಬರಬೇಕಾದರೆ ಮೊದಲೇ ಊರಾಡಿ ಕೈಮುಗಿದು ಬರಬೇಕು. ಹಾಗೆಂದು ನೇಕಾರರ ಓಣಿಗೆ ಹೋದೆ. ಓಣಿಯ ಹಿರಿಯ ಈರಪ್ಪ ಮಗ್ಗದ ಕುಣಿಯಲ್ಲಿ ಕುಳಿತಲ್ಲಿಂದಲೇ ಕೇಳಿದ:

"ಅಲ್ರೀ ಮಾಸ್ತರ್ರ, ಮನ್ಯಾಗ ಹೆಣ್ಣಮಕ್ಕಳು ಎಷ್ಟ ಮಂದಿ ಅದಾರ್ರಿ?"

ಹೆಂಗಸರ ಸಂಖ್ಯೆ ಹೆಚ್ಚಿದಷ್ಟೂ ಕನಿಕರ ಹೆಚ್ಚುತ್ತದೆ, ಕನಿಕರ ಹೆಚ್ಚಿದಷ್ಟೂ ರೂಪಾಯಿ ಹೆಚ್ಚುತ್ತದೆ ಎಂಬುದು ನನ್ನ ಲೆಕ್ಕ. ಮುಖ ಸಣ್ಣದು ಮಾಡಿ ಒಬ್ಬೊಬ್ಬರನ್ನೇ ಎಣಿಸಿದೆ. "ಅವ್ವ ಅದಾಳ್ರಿ, ಹೇಣ್ತಿ, ಹೇಣ್ತಿ ಅವ್ವ, ಗಂಡ ಸತ್ತ ನಮ್ಮ ಸಣ್ಣವ್ವ, ಮ್ಯಾಲ ಇಬ್ಬರು ತಂಗ್ಯಾರು. ಎಲ್ಲಾರೂ ನನ್ನ ಬೆನ್ನಿಗೇ ಬಿದ್ದಾರ್ರಿ."

"ಅಯ್ಯ ಶಿವನ!" ಎಂದ ಈರಪ್ಪ ಬೆರಳು ಮಡಚಿ ಎಣಿಸಿ, ಆಚೆ ಮಗ್ಗದವನಿಗೂ ಕೂಗಿ ಹೇಳಿದ. ಪೇಟಿ ಬಂದ ಹಾಗೆಯೇ ಎಂದುಕೊಂಡು ನಾನು ಸಿಳ್ಳು ಹಾಕುತ್ತ ಬಿಡಾರಕ್ಕೆ ಮರಳಿದೆ.

ಆಟದ ದಿನ ಎರಡನೇ ಅಂಕ ಮುಗಿಯುತ್ತಲೇ ಈರಪ್ಪ ರಂಗದ ಮೇಲೆ ಬಂದ. "ರೊಕ್ಕ ಕೊಟ್ಟರ ಖರ್ಚಾಗಿ ಹೋಗತೈತಿ. ನಾವು ನೇಕಾರ ಮಂದಿ, ನಮ್ಮ ಕೈಯಾಗಿಂದ ಕೊಡತೀವಿ. ಮಾಸ್ತರ ಅವ್ವಗ ಒಂದ ಸೀರಿ!" ಎಂದು ಪಟ್ಟೆದಂಚಿನ ಒಂದು ಸೀರೆಯನ್ನು ನನ್ನ ಹೆಗಲಿಗೇರಿಸಿದ. ಚಪ್ಪಾಳೆ ಬಿತ್ತು. ಆಯೇರಿ ಬಂದಾಗ ಪೇಟಿಯ ಮೇಲೆ ಎರಡು ಸಾಲು ಮಂಗಳದ ರಾಗ ನುಡಿಸುವುದು ಕಂಪನಿಯ ಪದ್ಧತಿ. ಪೇಟಿಯವನು ನಾನೇ ಆದ್ದರಿಂದ ನನ್ನ ಆಯೇರಿಗೆ ನಾನೇ ನುಡಿಸಿಕೊಳ್ಳಬೇಕಾಯಿತು. ನುಡಿಸಿ ಮುಗಿಸುವಷ್ಟರಲ್ಲಿ ಇನ್ನೊಬ್ಬ ಬಂದ. "ಮಾಸ್ತರ ಹೇಣ್ತಿ ಅವ್ವಗ ಒಂದ!" ಮತ್ತೆ ಚಪ್ಪಾಳೆ, ಮತ್ತೆ ಮಂಗಳ. ನಾನು ಎಣಿಸಿಕೊಟ್ಟ ಒಬ್ಬ ಹೆಂಗಸನ್ನೂ ಆ ಪುಣ್ಯಾತ್ಮರು ಮರೆಯಲಿಲ್ಲ. ಕಡೆಕಡೆಗೆ ಸೀರೆಗಳ ನಡುವೆ ನನ್ನ ಕಣ್ಣುಗಳಷ್ಟೇ ಹೊರಗಿದ್ದವು. ಸೀರೆಯುಟ್ಟು, ಮೂಗುತಿಯಿಟ್ಟು ಪರದೆಯ ಮರೆಯಲ್ಲಿ ನಿಂತಿದ್ದ ಬಸಣ್ಣನಿಗೆ ಬಂದದ್ದು ಒಂದು ರುಮಾಲು. "ಸೀರಿ ಉಟ್ಟ ಕುಣಿಯಾಂವ ನಾ. ನನಗ ರುಮಾಲ, ನಿನಗ ಸೀರಿ! ಈ ಊರ ಮಂದಿಗೆ ಕಣ್ಣ ಅದಾವೋ ಇಲ್ಲೋ?" ಎಂದು ಅವನು ಹಲ್ಲು ಕಡಿದ. ನಾನು ಅವನ ರುಮಾಲಿಗೂ ಎರಡು ಸಾಲು ಮಂಗಳ ನುಡಿಸಿದೆ.

ಮುಂದಿನ ಕ್ಯಾಂಪು ರೋಣ. ನಮ್ಮೂರು ಸವಡಿ ಅಲ್ಲಿಗೆ ಹತ್ತಿರ. ಸೀರೆಗಳನ್ನು ರೋಣದ ಅರಿವೆಯಂಗಡಿಗೆ ಮಾರಿ ಪೇಟಿಯ ಹಣ ತುಂಬಿಸಬೇಕೆಂದು ಹಂಚಿಕೆ ಹಾಕಿದ್ದೆ. ನೇರವಾಗಿ ಅಂಗಡಿಗೆ ಹೋಗುವುದು ಬಿಟ್ಟು ಗಂಟು ಹೊತ್ತು ಮನೆಗೆ ಹೋದದ್ದು ನನ್ನ ದಡ್ಡತನ. ನನ್ನ ಹೆಂಡತಿ ಗಂಗವ್ವ ಗಂಟು ಬಿಚ್ಚಿದಳು. ಆಯೇರಿಯ ಕತೆಯನ್ನೆಲ್ಲ ಹೇಳಿ ನಾನು ಮಾರುವ ಮಾತೆತ್ತಿದೆ.

"ಹೆಸರ ಹಿಡದ ಕೊಟ್ಟ ಆಯೇರಿ ಮಾರತೀರೇನ್ರಿ?" ಎಂದಳು ಗಂಗವ್ವ. "ಮಾರ್ರಿ, ಬ್ಯಾಡ ಅನ್ನಾಂಗಿಲ್ಲ. ನಿಮ್ಮವ್ವನ ಸೀರಿಯಿಂದ ಸುರು ಮಾಡ್ರಿ."

ತಿರುಗಿ ನೋಡಿದರೆ ಅವ್ವ ಆಗಲೇ ಉಟ್ಟುಕೊಂಡು ನಿರಿಗೆ ಸರಿಮಾಡಿಕೊಳ್ಳುತ್ತಿದ್ದಳು.

ಹೊಸ ಸೀರೆ ಉಟ್ಟ ಮೇಲೆ ಎಲ್ಲಿಗಾದರೂ ಹೋಗಲೇಬೇಕಲ್ಲ. ರವಿವಾರ ಮಧ್ಯಾಹ್ನದ ಆಟಕ್ಕೆ ನಮ್ಮ ಮನೆಯ ಹೆಣ್ಣುದಂಡು ಚಕ್ಕಡಿ ಕಟ್ಟಿಸಿಕೊಂಡು ರೋಣಕ್ಕೆ ಬಂದಿಳಿಯಿತು. ಅಷ್ಟೂ ಟಿಕೀಟಿನ ಹಣವನ್ನು ಮಾಲಕರು ನನ್ನ ಪಗಾರದಲ್ಲಿ ಮುರಿದುಕೊಂಡರು. ಮದುವೆಯಾದಂದಿನಿಂದ ಗಂಗವ್ವ ಒಂದು ಆಟಕ್ಕೂ ಬಂದವಳಲ್ಲ. ಅವಳಿಗೆ ಸಂಗೀತವೆಂದರೆ ಅಷ್ಟಕ್ಕಷ್ಟೇ ಎಂದು ನಾನು ತಿಳಿದಿದ್ದೆ. "ಇಷ್ಟ ದಿನಾ ಯಾಕ ಬರಲಿಲ್ಲ?" ಎಂದು ಕೇಳಿದ್ದಕ್ಕೆ ಸಣ್ಣವ್ವ, "ನಾಕ ಮಂದ್ಯಾಗ ಕೂಡಾಕ ಒಂದ ಸೀರಿ ಬೇಕಲ್ಲೋ ತಮ್ಮಾ" ಎಂದಳು. ನನಗೆ ಬಹಳ ನಾಚಿಕೆಯಾಯಿತು.

ಅಂದು ನಾನು ಜೀವ ಬಿಟ್ಟು ನುಡಿಸಿದೆ. ಮೂಕ ಪಟ್ಟಿಯ ಕೆಲಸವನ್ನು ಮೇಲಿನ ಸಪ್ತಕದಿಂದ ಮಾಡಿಸಿದೆ. ಹರಿದ ತಿದಿ ಉಸಿರು ಬಿಡದಂತೆ ಮೊಣಕಾಲು ಒತ್ತಿ ಹಿಡಿದೆ. ಬಸಣ್ಣ ಹಾಡುತ್ತ ಹಾಡುತ್ತ ನನ್ನ ಕಡೆಗೆ ಬೆರಗಾಗಿ ನೋಡಿದ. ಮುಂದಿನ ಸಾಲಿನಲ್ಲಿ ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಜರ್ಮನಿಯ ಸ್ವರಗಳು ಹಾಳಾಗಿ ಹೋಗಲಿ ಎಂದುಕೊಂಡೆ. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಆಟ ಮುಗಿದ ಮೇಲೆ ಅವಳು ಹತ್ತಿರ ಬಂದಳು. ನಾನು ಹೊಗಳಿಕೆಗೆ ತಯಾರಾಗಿ, ಬೇಡ ಬೇಡ ಎನ್ನುವ ಮುಖ ಮಾಡಿಕೊಂಡು ನಿಂತೆ. ಅವಳು ನನ್ನನ್ನು ದಾಟಿ ಹೋಗಿ ಪೇಟಿಯ ಮೈ ಸವರಿದಳು.

"ಎಂಥಾ ಚಲೋ ಪೇಟಿ ಐತ್ರಿ ಇದು! ಇಂಥಾದ್ದ ಇರೂವಾಗ ಮತ್ತೊಂದ ಯಾಕ ಬೇಕಂತೀರಿ?"

"ಹಾಂಗ ಹೇಳವಾ ತಂಗಿ" ಎಂದರು ಹಿಂದೆಯೇ ನಿಂತಿದ್ದ ಮಾಲಕರು.

ಬಾಯಿ ತೆರೆದೆ. ಆದರೆ ಕೈತಪ್ಪಿ ಅಪಸ್ವರ ಬಂದಾಗಲೆಲ್ಲ "ಅದು ಪೇಟಿಯ ತಪ್ಪು" ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವನು, ಚೆನ್ನಾಗಿ ನುಡಿಸಿದ ಒಂದೇ ದಿನ "ಇದು ನನ್ನ ಕೈಗುಣ" ಎಂದು ಯಾವ ಮುಖ ಹೊತ್ತು ಹೇಳಲಿ?

"ಖರೇ ಐತಿ," ಎಂದೆ. "ಪೇಟಿ ಭಾಳ ಚಲೋ ಐತಿ."