ಅಂಗಳಕ್ಕೆ ಬಂದ ತಾರೆಕೊಡಿಗೆ

ಕಾಂತೇಶ ಮನೆಯ ಮೆಟ್ಟಿಲಿನ ಹಾವಸೆ ಕೆರೆಯುತ್ತಿದ್ದ. ಒಂದು ಮೆಟ್ಟಿಲು ಮುಗಿದರೆ ನೀರು ಹೊಯ್ದು, ಬರಿಗಾಲಲ್ಲಿ ತಿಕ್ಕಿ ನೋಡಿ, ಕೆಳಗಿನದಕ್ಕೆ ಇಳಿಯುತ್ತಿದ್ದ. ಅವನ ತಾಯಿ ವೀರಮ್ಮ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಹಿಂದಿನ ಸಲ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಹುಡುಗಿಯ ಅಪ್ಪ ಇದೇ ಮೆಟ್ಟಿಲಲ್ಲಿ ಜಾರಿ, ಹುಡುಗನ ಮುಖ ನೋಡುವ ಮೊದಲು ಆಕಾಶ ನೋಡಿದ್ದರು. ಆ ಸಂಬಂಧ ಅಲ್ಲಿಗೇ ಮಲಗಿತ್ತು.

ಕಾಂತೇಶನಿಗೆ ಮೂವತ್ತೆಂಟು. ಹಿಟ್ಟಿನ ಗಿರಣಿ ಇದೆ, ಸ್ವಲ್ಪ ಗದ್ದೆ ಇದೆ, ಹಲ್ಲೆಲ್ಲ ಇವೆ. ಇಲ್ಲದ್ದು ಹೆಂಡತಿ ಮಾತ್ರ. ಈಗಿನ ಕಾಲದಲ್ಲಿ ಹಳ್ಳಿಯ ಗಂಡಿಗೆ ಹೆಣ್ಣು ಹುಡುಕುವುದೆಂದರೆ ಬೇಸಿಗೆಯಲ್ಲಿ ಅಣಬೆ ಹುಡುಕಿದ ಹಾಗೆ. ಅಂಥದ್ದರಲ್ಲಿ ಬಾಳೆಹೊನ್ನೂರಿನ ಮದುವೆ ಬ್ರೋಕರ್ ಜಯದೇವಪ್ಪ ಹಿಂದಿನ ಸಂಜೆ ಫೋನ್ ಮಾಡಿದ್ದ.

"ನಾಳೆ ಹನ್ನೊಂದಕ್ಕೆ ಬರ್ತಾರೆ. ಹುಡುಗಿ ಹೆಸರು ಶಿಲ್ಪಶ್ರೀ, ಹರಿಹರಪುರದ ಹತ್ರ. ನಂಗೆ ಮಂಡಿ ನೋವು, ನಾ ಬರಲ್ಲ. ಕಾರಿದೆ, ಅವರೇ ಹುಡುಕ್ಕೊಂಡು ಬರ್ತಾರೆ. ನೀನು ಗಡ್ಡ ಬೋಳ್ಸ್ಕೊಂಡು ಸುಮ್ನೆ ಕೂತಿರು. ಮಾತಾಡೋಕೆ ಮಾತ್ರ ಹೋಗ್ಬೇಡ ಮಾರಾಯ."

ಹಾವಸೆ ಮುಗಿಯಿತು. ಗಡ್ಡ ಮುಗಿಯಿತು. ಒಳಗಿನಿಂದ ಕೇಸರಿಬಾತಿನ ತುಪ್ಪದ ವಾಸನೆ ಬಂತು. ಅದರ ಹಿಂದೆಯೇ ಒಂದು ಬೈಕೂ ಬಂತು. ಹಿಂದಿನ ಸೀಟಿನಲ್ಲಿ ಮನುಷ್ಯನಿಗಿಂತ ಎತ್ತರದ ಚೀಲ.

"ತಾರೆಕೊಡಿಗೆ ಇದೇ ಅಲ್ವಾ ಸಾರ್?" ಎಂದ ಕೊರಿಯರಿನವನು.

"ಹೌದು."

ಅವನು ಚೀಲವನ್ನು ಜಗಲಿಯ ಮೇಲೆ ಮಗುಚಿದ. ಮಿಕ್ಸಿ, ಚಪ್ಪಲಿ, ಸೀರೆ, ಔಷಧಿ ಹೊಡೆಯುವ ಪಂಪು, ಎಲ್ಲ ಉರುಳಿದವು.

"ಇದೆಲ್ಲ ನಂದಲ್ಲ. ಅವರವರ ಮನೆಗೆ ಕೊಡಬೇಕು."

"ಊರು ಇಲ್ಲಿಗೆ ಮುಗೀತು ಸಾರ್. ಮ್ಯಾಪ್ ನೋಡಿ ಬೇಕಾದ್ರೆ. ಮುಂದೆ ಬರೀ ಹಸಿರು."

ತಪ್ಪು ಅವನದಲ್ಲ. ತಾರೆಕೊಡಿಗೆಯ ನಟ್ಟನಡುವೆ ನಿಂತು 'ತಾರೆಕೊಡಿಗೆ ಎಲ್ಲಿ' ಎಂದು ಕೇಳಿದವರು ಬೇಕಾದಷ್ಟು ಜನ. ಒಂದು ಮನೆ ಗುಡ್ಡದ ಮೇಲೆ, ಒಂದು ಹಳ್ಳದ ಆಚೆ, ಇನ್ನೊಂದು ಕಾಡಿನ ಬುಡದಲ್ಲಿ. ಯಾರೋ ಹುರಿಗಡಲೆ ತಿನ್ನುತ್ತಾ ಸೀನಿದ ಹಾಗೆ ಊರು ಚೆಲ್ಲಿಕೊಂಡಿತ್ತು. ಒಬ್ಬರ ಮನೆಯ ಜಗಳ ಇನ್ನೊಬ್ಬರಿಗೆ ಕೇಳಬೇಕಾದರೆ ನಡೆದುಕೊಂಡೇ ಹೋಗಬೇಕು. ಜನ ಹೋಗುತ್ತಾರೆ ಕೂಡ. ಹಳ್ಳದಾಚೆಯ ಕಮಲಕ್ಕನ ಮಗ, ಪಂಪ್‌ಸೆಟ್ ರಿಪೇರಿಯ ಶಶಿಕಿರಣ, ಕಳೆದ ತಿಂಗಳು ಇಂಥ ಊರನ್ನು ಫೋನಿನ ಮ್ಯಾಪಿಗೆ ಸೇರಿಸಿದ್ದ. ಊರಿಗೆಲ್ಲ ಒಂದೇ ಕೆಂಪು ಗುರುತು. ಆಗ ಅವನು ಅಕ್ಕಿಹಿಟ್ಟು ಮಾಡಿಸಲು ಕಾಂತೇಶನ ಅಂಗಳದ ಗಿರಣಿಯಲ್ಲಿ ಕೂತಿದ್ದರಿಂದ ಗುರುತು ಅಲ್ಲಿಯೇ ಬಿತ್ತು. ಅಂದಿನಿಂದ ಪ್ರಪಂಚದ ಪಾಲಿಗೆ ತಾರೆಕೊಡಿಗೆ ಎಂದರೆ ಕಾಂತೇಶನ ಅಂಗಳ.

ಪಾರ್ಸೆಲ್ ಬಂದ ಸುದ್ದಿಗೆ ಜನ ಬಂದರು. ಗುಡ್ಡದ ಮೇಲಿನ ಗಿಡ್ಡಯ್ಯ ಪಂಪು ತೆಗೆದುಕೊಂಡು ಕುರ್ಚಿಯಲ್ಲಿ ಕೂತ. ಅವನ ಕೆಳಗಿನ ಮನೆಯ ಸೀತಕ್ಕ ಮಿಕ್ಸಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಳು.

"ಎಂತದೋ, ಮುಖ ಎಲ್ಲ ಪಳಪಳ ಅಂತಿದೆ. ಕೋರ್ಟಲ್ಲಿ ಕೇಸಿತ್ತಾ?" ಎಂದಳು.

"ನೆಂಟರು ಬರ್ತಾರೆ ಸೀತಕ್ಕ. ನೀವೆಲ್ಲ ಸ್ವಲ್ಪ ಬೇಗ..."

"ಬರ್ಲಿ ಬಿಡು. ನಾವಿದ್ರೆ ಮನೆ ತುಂಬಿದಂಗೆ ಕಾಣತ್ತೆ," ಎಂದು ಗಿಡ್ಡಯ್ಯ ಕಾಫಿಗೆ ಕೈಚಾಚಿದ.

ಅಷ್ಟರಲ್ಲಿ ಒಂದು ವ್ಯಾನ್ ಬಂತು. ಕಾಂತೇಶ ಅಂಗಿಯ ಗುಂಡಿ ಸರಿ ಮಾಡಿಕೊಂಡು ಎದ್ದ. ಆದರೆ ವ್ಯಾನಿನಿಂದ ಒಬ್ಬ ಮೇಷ್ಟರು, ಅವರ ಹಿಂದೆ ಒಂದು ಹಿಂಡು ಕಾಲೇಜು ಮಕ್ಕಳು ಇಳಿದರು.

"ಒಂದು ಸಣ್ಣ ಹಳ್ಳಿಯ ಇತಿಹಾಸ, ಭೂಗೋಳ, ಜನಜೀವನ ಬರೆಯಬೇಕು. ಮ್ಯಾಪಿನಲ್ಲಿ ಊರು ಇಲ್ಲೇ ತೋರಿಸ್ತು," ಎಂದರು ಮೇಷ್ಟರು.

"ಸರಿಯಾದ ಜಾಗಕ್ಕೇ ಬಂದಿದ್ದೀರಿ," ಎಂದ ಗಿಡ್ಡಯ್ಯ, ತನ್ನದೇ ಮನೆಯೆನ್ನುವಂತೆ. "ಬರ್ಕೊಳ್ಳಿ. ಕೊಡಿಗೆ ಅಂದ್ರೆ ರಾಜ ಕೊಟ್ಟ ಭೂಮಿ. ಕೊಟ್ಟಿದ್ದು ನಮ್ಮ ಮುತ್ತಜ್ಜನಿಗೆ."

"ನಿನ್ನ ಮುತ್ತಜ್ಜ ಬಂದಿದ್ದು ನಮ್ಮನೆ ಎಮ್ಮೆ ಕಾಯೋಕೆ," ಎಂದಳು ಸೀತಕ್ಕ. "ಭೂಮಿ ಕೊಟ್ಟಿದ್ದು ನಮ್ಮೋರಿಗೆ. ಇದನ್ನ ಬರ್ಕೊಳ್ಳೇ ಕೂಸು, ಅದನ್ನ ಹೊಡ್ದ್ಹಾಕು."

"ಯಾವ ರಾಜ ಅಜ್ಜಿ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ರಾಜ ಅಂದ್ರೆ ರಾಜ. ಆಗೆಲ್ಲ ಹೆಸರು ಕೇಳೋ ಧೈರ್ಯ ಯಾರಿಗಿತ್ತು?"

"ರಾಜರು ಇಲ್ಲಿಗೆ ಬಂದಿದ್ರಾ?"

"ಬಂದಿದ್ರೆ ದಾರಿ ಸಿಕ್ತಿರ್ಲಿಲ್ಲ," ಎಂದುಬಿಟ್ಟ ಕಾಂತೇಶ. ಮಕ್ಕಳು ಅದನ್ನೂ ಬರೆದುಕೊಂಡರು.

ಭೂಗೋಳ ಶುರುವಾಯಿತು. ಮೂಡಲಿಗೆ ಹಳ್ಳ ಎಂದ ಗಿಡ್ಡಯ್ಯ. ಪಡುವಲಿಗೆ? ಅದೇ ಹಳ್ಳ, ತಿರುಗಿ ಬರುತ್ತೆ. ಜನಜೀವನವಂತೂ ಕಣ್ಣೆದುರಿಗೇ ನಡೆಯುತ್ತಿತ್ತು: ಹಸಿದ ಮಕ್ಕಳನ್ನು ನೋಡಲಾರದ ವೀರಮ್ಮ ಅರ್ಧ ಕೇಸರಿಬಾತನ್ನು ತಟ್ಟೆಗಳಿಗೆ ಹಾಕಿ ಹಂಚಿದಳು. ಕೆರೆದ ಮೆಟ್ಟಿಲ ಮೇಲೆಲ್ಲ ಕೆಸರಿನ ಬೂಟು. ಹನ್ನೊಂದು ಹತ್ತಿರವಾಗುತ್ತಿತ್ತು.

ಕಾಂತೇಶ ಗಿರಣಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಶಶಿಕಿರಣನಿಗೆ ಫೋನ್ ಮಾಡಿದ.

"ಆ ಗುರುತನ್ನ ಈಗಿಂದೀಗ್ಲೇ ಕಿತ್ತುಹಾಕು."

"ಕೀಳೋಕಾಗಲ್ಲ ಕಾಂತೇಶಣ್ಣ, ಊರು ಎಲ್ಲಾದ್ರೂ ಇರ್ಬೇಕಲ್ಲ. ಬೇಕಾದ್ರೆ ಸರಿಸ್ತೀನಿ. ಎಲ್ಲಿಗೆ?"

"ನಿಮ್ಮನೆಗೇ ಇಟ್ಕೋ. ನೀನೇ ಹೆತ್ತ ಊರು, ನೀನೇ ಸಾಕು."

"ಬದಲಾಗೋಕೆ ವಾರನೂ ಆಗ್ಬಹುದು ಮತ್ತೆ."

"ನೀ ಮೊದ್ಲು ಒತ್ತು ಮಾರಾಯ."

ವಾರವೇನೂ ಆಗಲಿಲ್ಲ. ಎಷ್ಟು ಅರ್ಜಿ ಕೊಟ್ಟರೂ ಸೇತುವೆ ಕಾಣದ ಹಳ್ಳವನ್ನು ತಾರೆಕೊಡಿಗೆ ಒಂದು ಕಾಫಿ ಕುಡಿಯುವಷ್ಟರಲ್ಲಿ ದಾಟಿಬಿಟ್ಟಿತು. ಮೇಷ್ಟರು ಮಕ್ಕಳನ್ನು ಹತ್ತಿಸಿಕೊಂಡು ಹೋದರು. ಗಿಡ್ಡಯ್ಯ, ಸೀತಕ್ಕ ರಾಜನನ್ನು ಎಳೆದಾಡುತ್ತಲೇ ದಾರಿ ಹಿಡಿದರು. ಕಾಂತೇಶ ಮೆಟ್ಟಿಲು ತೊಳೆದು ಜಗಲಿಯಲ್ಲಿ ಕೂತ. ಒಂದು ಬೈಕಿಲ್ಲ, ಒಂದು ವ್ಯಾನಿಲ್ಲ. ಎಂಥ ಸುಖ. ಹನ್ನೊಂದಾಯಿತು. ಹನ್ನೆರಡಾಯಿತು. ಸುಖ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸತೊಡಗಿತು.

ಆಗ ಕಮಲಕ್ಕ ವೀರಮ್ಮನಿಗೆ ಫೋನ್ ಮಾಡಿದಳು. "ಇದ್ದಕ್ಕಿದ್ದಂಗೆ ಯಾರ್ಯಾರೋ ನೆಂಟರು ಬಂದ್ಬಿಟ್ಟಿದಾರೆ ಕಣೇ. ಕೂರೋಕೆ ಕುರ್ಚಿ ಇಲ್ಲ. ಸಿಹಿ ಏನಾದ್ರೂ ಇದ್ಯಾ?"

ವೀರಮ್ಮ ಮಗನ ಮುಖ ನೋಡಿದಳು.

"ಕೊಡಮ್ಮ," ಎಂದ ಕಾಂತೇಶ. "ನಮ್ಮೋರು ಬಂದ್ರೆ ಬಿಸಿಬಿಸಿ ಇನ್ನೊಂದ್ಸಲ ಮಾಡಿದ್ರಾಯ್ತು. ನೆರೆಹೊರೆ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೇಗೆ?"

ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ತಲೆಯ ಮೇಲೆ ಹೊತ್ತು, ಕೈಯಲ್ಲಿ ಕೇಸರಿಬಾತಿನ ಡಬ್ಬಿ ಹಿಡಿದು, ಹಳ್ಳದ ಮೇಲಿನ ಕಾಲುಸಂಕ ದಾಟಿ ಅವನು ಕಮಲಕ್ಕನ ಹಿತ್ತಲಿಗೆ ಹೋದ. ಅಲ್ಲಿ ಹಸಿರು ಸೀರೆಯ ಹುಡುಗಿಯೊಬ್ಬಳು ಕೈ ತೊಳೆಯುತ್ತಿದ್ದಳು. "ಡಬ್ಬಿ ನಂಗೆ ಕೊಡಿ ಅಣ್ಣ, ಬೀಳತ್ತೆ," ಎಂದು ಇಸಿದುಕೊಂಡಳು. ಎಷ್ಟು ಒಳ್ಳೆ ಹುಡುಗಿ, ನನಗೂ ಇಂಥವಳೇ ಸಿಗಲಿ ಎಂದುಕೊಂಡ ಕಾಂತೇಶ.

"ಒಳಗೆ ಬಾರೋ," ಎಂದಳು ಕಮಲಕ್ಕ.

"ಇಲ್ಲ ಕಮಲಕ್ಕ, ಪುರುಸೊತ್ತಿಲ್ಲ. ಹರಿಹರಪುರದ ಕಡೆಯಿಂದ ಹೆಣ್ಣಿನೋರು ನಮ್ಮನೆಗೆ ಬರೋರಿದ್ದಾರೆ."

ಕಮಲಕ್ಕ ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಂತಳು. "ಹೌದಾ," ಎಂದಳು. ಆಮೇಲೆ ಕುರ್ಚಿಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಕಾಂತೇಶ ಮನೆಗೆ ಬಂದು ತಲೆ ಬಾಚಿಕೊಂಡು ಕೂತ. ಒಂದು ಗಂಟೆಗೆ ಜಯದೇವಪ್ಪನ ಫೋನ್ ಬಂತು.

"ಒಪ್ಪಿಗೆ ಆಯ್ತಲ್ಲೋ ಮಾರಾಯ. ಮನೆ ಹಿಡಿಸ್ತಂತೆ, ಹುಡುಗಿ ಹ್ಞೂಂ ಅಂದ್ಲಂತೆ. ಅಂಥ ಕೇಸರಿಬಾತ್ ಜನ್ಮದಲ್ಲೇ ತಿಂದಿಲ್ಲ ಅಂದ್ರು. ಅಲ್ಲಾ, ನೀನು ಪಂಪ್‌ಸೆಟ್ ರಿಪೇರಿನೂ ಮಾಡ್ತೀಯ ಅಂತ ನಂಗೆ ಹೇಳ್ಲೇ ಇಲ್ವಲ್ಲ?"

ಕಾಂತೇಶ ಫೋನನ್ನು ಜಗಲಿಯಲ್ಲೇ ಬಿಟ್ಟು ಓಡಿದ.

ಕಮಲಕ್ಕನ ಜಗಲಿಯಲ್ಲಿ ಊರೇ ನೆರೆದಿತ್ತು. ಮ್ಯಾಪಿನ ಪ್ರಕಾರ ಅದೇ ಸರಿ ತಾನೆ. ಗಿಡ್ಡಯ್ಯನೂ ಸೀತಕ್ಕನೂ ಮುಂದಿನ ಸಾಲಿನಲ್ಲೇ ಇದ್ದರು. ಶಶಿಕಿರಣ ಹೊಸ ಅಂಗಿ ಹಾಕಿಕೊಂಡು ನೆಲ ನೋಡುತ್ತಿದ್ದ. ಹುಡುಗಿಯ ಅಪ್ಪ ಎದ್ದು ನಿಂತರು.

"ನೀವೇನಾ ಕಾಂತೇಶ? ತಪ್ಪು ತಿಳೀಬೇಡಿ. ಊರ ಹೆಸರು ಹಾಕಿದ್ವಿ, ಫೋನು ಹಳ್ಳದ ಈಚೆ ರಸ್ತೆಯಲ್ಲೇ ಇಲ್ಲಿಗೆ ಕರ್ಕೊಂಡು ಬಂತು. ಹುಡುಗನ ಮನೆ ಇದೇನಾ ಅಂದ್ರೆ ಇವರೂ ಹೌದು ಅಂದ್ರು. ಹೆಸರು ವಿಚಾರಿಸೋ ಹೊತ್ತಿಗೆ ಇಬ್ರೂ ಹಿತ್ತಲಲ್ಲಿ ಮಾತಾಡಿ ನಗ್ತಾ ಬಂದಾಗಿತ್ತು."

"ಬ್ರೋಕರ್ ನಮ್ಮ ಶಶಿಗೂ ಹೆಣ್ಣಿನೋರನ್ನ ಕಳಿಸ್ತೀನಿ ಅಂದಿದ್ದ ಕಣೋ," ಎಂದಳು ಕಮಲಕ್ಕ ಸಣ್ಣ ದನಿಯಲ್ಲಿ. "ನಾನು ಅವರೇ ಅಂದ್ಕೊಂಡೆ. ನೀ ಹೇಳಿದಾಗ ಗೊತ್ತಾಯ್ತು. ಅಷ್ಟೊತ್ತಿಗೆ ಹೂ ಮುಡಿಸಿ ಆಗಿತ್ತು."

ಗಿಡ್ಡಯ್ಯ ಕೆಮ್ಮಿ, ಮದುವೆಯ ಛತ್ರ ಕೊಪ್ಪದಲ್ಲಾದರೆ ಅನುಕೂಲ ಎಂದ. ಬಾಳೆಹೊನ್ನೂರೇ ಆಗಬೇಕು ಎಂದಳು ಸೀತಕ್ಕ. ಎಲ್ಲರಿಗೂ ಒಮ್ಮೆಲೇ ಬಾಯಿ ಬಂತು. ಕಾಂತೇಶ ಹೂ ಮುಡಿದು ನಿಂತಿದ್ದ ಹಸಿರು ಸೀರೆಯ ಶಿಲ್ಪಶ್ರೀಯನ್ನೊಮ್ಮೆ ನೋಡಿದ. ಆಮೇಲೆ ಹುಡುಗಿಯ ಅಪ್ಪನ ಕಡೆಗೆ ಬಗ್ಗಿ, ಮೆಲ್ಲಗೆ ಕೇಳಿದ:

"ಯಜಮಾನ್ರೇ, ನಿಮ್ಮ ಹುಡುಗಿಗೆ ತಂಗಿ ಇದ್ರೆ ಒಂದು ಮಾತು ಹೇಳಿ."

ಛತ್ರದ ಮಾತು ಕೊಪ್ಪಕ್ಕೂ ಬಾಳೆಹೊನ್ನೂರಿಗೂ ಓಡಾಡುತ್ತಲೇ ಇತ್ತು.