ತಿರುವಿನ ದೀಪವನ್ನು ಬೀದಿದೀಪಗಳ ಪಟ್ಟಿಯಿಂದ ತೆಗೆಯುವ ಬಗ್ಗೆ

ಇಂದ:
ಶ್ರೀಮತಿ ಅರ್ಗಿರೋ ಕರಾವೆಲಾ
ಪಲ್ಯೋಮಿಲೊ ಗ್ರಾಮ, ಅರ್ಕಾಡಿಯಾ, ಗ್ರೀಸ್
(ಅರ್ಜಿದಾರಳ ಕನ್ನಡಕ ಒಡೆದಿರುವ ಕಾರಣ ಕಾಫಿ ಅಂಗಡಿಯ ಸೋತಿರಿಸ್ ಬರೆದುಕೊಟ್ಟದ್ದು)

ಗೆ:
ನಿರ್ದೇಶಕರು
ತ್ರಿಕೊರಫೊ ಹೆದ್ದಾರಿ ವಿಭಾಗ, ದೀರ್ಘಕಾಲೀನ ಯೋಜನಾ ಶಾಖೆ

ವಿಷಯ: ಗ್ರಾಮದ ಕೆಳಗಿನ ತಿರುವು ಕತ್ತಲಲ್ಲಿದೆ ಎಂದು ದೃಢೀಕರಿಸಿ, ಬೇಗ ದುರಸ್ತಿ ಮಾಡಿಸುವ ಕುರಿತು.

ಉಲ್ಲೇಖ: 1) ಹೆದ್ದಾರಿ ನಿರ್ವಹಣೆ ಮತ್ತು ಪುನರ್ನಿರ್ಮಾಣದ ದೀರ್ಘಕಾಲೀನ ಯೋಜನಾ ಕಾಯ್ದೆ. 2) ಸದರಿ ಕಾಯ್ದೆಯಡಿ ತಮ್ಮವರು ಕಾರಿನಿಂದ ಇಳಿಯದೆಯೇ ನಡೆಸಿದ ಸ್ಥಳ ಪರಿಶೀಲನೆ. 3) ಅರ್ಜಿದಾರಳ ಹಿಂದಿನ ಅರ್ಜಿಗಳು (ಉತ್ತರ ಬಾರದ ಕಾರಣ ಸಂಖ್ಯೆ ಗೊತ್ತಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ,

1. ಸದರಿ ತಿರುವಿನಲ್ಲಿ ರಸ್ತೆಯ ಅಂಚು ಕಣಿವೆಗೆ ಕುಸಿದು ಬಹಳ ಕಾಲವಾಗಿದೆ. ತಡೆಬೇಲಿಯೂ ಅದರ ಜೊತೆಗೇ ಹೋಗಿದೆ. ಅರ್ಜಿದಾರಳ ಮಗ ಅನೆಸ್ತಿಸ್, ಬ್ರೆಡ್ ಮಾರುವವನು, ಅಲ್ಲಿಂದಲೇ ವ್ಯಾನಿನ ಸಮೇತ ಕೆಳಗೆ ಬಿದ್ದು ತೀರಿಕೊಂಡ. ಈಗ ಆ ವ್ಯಾಪಾರವನ್ನು ಅವನ ಹೆಂಡತಿ ವಾಯಾ ನಡೆಸುತ್ತಿದ್ದು, ಬೆಳಕು ಹರಿಯುವ ಮುನ್ನ ಅದೇ ತಿರುವಿನಲ್ಲಿ ವ್ಯಾನ್ ಓಡಿಸುತ್ತಾಳೆ. ಹೀಗಾಗಿ, ತಿರುವು ದಾಟಿದ ಮೇಲೆ ಅವಳು ಹೊಡೆಯುವ ಹಾರ್ನ್ ಕೇಳುವವರೆಗೂ ಅರ್ಜಿದಾರಳು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಾಳೆ. ಮಗನನ್ನು ಕಳೆದುಕೊಂಡಾಯಿತು, ಸೊಸೆಯನ್ನೂ ಕಳೆದುಕೊಳ್ಳುವ ಶಕ್ತಿ ಅವಳಿಗಿಲ್ಲ.

2. ದಾರಿಯಲ್ಲಿ ಸತ್ತವರಿಗೆ ಸತ್ತ ಜಾಗದಲ್ಲೇ ಕಂಬದ ಮೇಲೊಂದು ತಗಡಿನ ಪುಟ್ಟ ಗುಡಿ ನಿಲ್ಲಿಸಿ ಎಣ್ಣೆ ದೀಪ ಇಡುವ ರೂಢಿ ತಮಗೂ ತಿಳಿದದ್ದೇ. ತಮ್ಮ ಪರಿಶೀಲಕರು ಮುಸ್ಸಂಜೆ ಬಂದವರು ಅನೆಸ್ತಿಸ್‌ನ ದೀಪ ಕಂಡು, "ತಿರುವಿನಲ್ಲಿ ದೀಪ ಇದೆ, ಸುಸ್ಥಿತಿಯಲ್ಲಿದೆ" ಎಂದು ನಮೂದಿಸಿದ್ದಾರೆ. ಕಾಯ್ದೆಯ ಪ್ರಕಾರ ದೀಪವಿಲ್ಲದ ತಿರುವಿಗೆ ಮೊದಲ ಸರದಿ, ದೀಪವಿರುವುದಕ್ಕೆ ಕೊನೆಯ ಸರದಿ. ಆದ್ದರಿಂದ ಸದರಿ ತಿರುವು ಯೋಜನೆಯ ಕಟ್ಟಕಡೆಯ ಹಂತಕ್ಕೆ ಹೋಗಿದ್ದು, ಅಷ್ಟರೊಳಗೆ ಅರ್ಜಿದಾರಳೇ ಮಣ್ಣು ಸೇರಿರುತ್ತಾಳೆ. ಸುಸ್ಥಿತಿ ಎಂಬ ಪ್ರಶಂಸೆಗೆ ಧನ್ಯವಾದಗಳು. ಗಾಜು ಒರೆಸುವವಳು ಅವಳೇ.

3. ಈ ಬಗ್ಗೆ ತಮ್ಮ ಕಚೇರಿಯ ಗುಮಾಸ್ತೆ ದೆಸ್ಪಿನಾ ಅವರನ್ನು ಖುದ್ದಾಗಿ ವಿಚಾರಿಸಲಾಯಿತು.

"ಅಮ್ಮಾ, ಇಲ್ಲಿ ದೀಪ ಇದೆ, ದೀಪ ಇಲ್ಲ ಅಂತ ಎರಡೇ ಖಾನೆ ಇರೋದು. ಸತ್ತವರ ದೀಪ ಅಂತ ಖಾನೆ ಇಲ್ಲ."

"ಇನ್ನೊಂದು ಖಾನೆ ಗೀಚ್ಕೊಳ್ಳಮ್ಮ. ನಿನ್ನ ಗಂಟೇನು ಹೋಗತ್ತೆ?"

"ಅದಕ್ಕೆ ಪಾರ್ಲಿಮೆಂಟಲ್ಲಿ ತಿದ್ದುಪಡಿ ಆಗ್ಬೇಕು. ಒಂದ್ ಕೆಲ್ಸ ಮಾಡಿ. ಮರುಪರಿಶೀಲನೆಗೆ ಬರ್ಕೊಡ್ತೀನಿ. ಅವರು ಬರೋ ಸಂಜೆ ದೀಪ ಆರ್ಸಿಬಿಡಿ. ಕತ್ತಲೆ ಕಂಡ್ರೆ ಬರೋ ವಸಂತಕ್ಕೇ ಕೆಲಸ ಶುರು."

ಹೆತ್ತವಳಿಗೆ ಹೇಳುವ ಮಾತೇ ಇದು? ಆದರೂ ದೆಸ್ಪಿನಾ ಕೆಟ್ಟವಳಲ್ಲ. ಕುರ್ಚಿ ಎಳೆದುಕೊಟ್ಟು ಕುಡಿಯಲು ನೀರು ಕೊಟ್ಟಳು. (ಇದನ್ನು ಅರ್ಜಿಯಲ್ಲಿ ಬರೆಯುವ ಅಗತ್ಯವಿಲ್ಲ ಎಂದು ಬರೆಯುವವನು ಹೇಳಿದರೂ ಅರ್ಜಿದಾರಳು ಕೇಳುತ್ತಿಲ್ಲ.)

4. ಅದರಂತೆ ಮರುಪರಿಶೀಲನೆಯ ದಿನ ಅರ್ಜಿದಾರಳು ತಿರುವಿಗೆ ಹೋಗಿ ಗಾಜಿನ ಬಾಗಿಲು ತೆರೆದಳು. ಊದಲು ಬಾಯಿ ಬರಲಿಲ್ಲ. ಆದ್ದರಿಂದ, ಎಣ್ಣೆ ಹಾಕದೆ ಹಾಗೇ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ದೀಪ ತಾನಾಗಿ ಆರಿತು. ಅವಳು ಎದುರಿನ ಬಂಡೆಯ ಮೇಲೆ ಕೂತು ಪರಿಶೀಲಕರ ದಾರಿ ಕಾಯುತ್ತಿರುವಾಗ ಕಿತ್ತಳೆ ಹೊತ್ತ ಲಾರಿಯೊಂದು ನಿಂತಿತು. ಚಾಲಕ ಇಳಿದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಜೇಬಿನಿಂದ ಲೈಟರ್ ತೆಗೆದ.

"ಹಚ್ಚಬೇಡಪ್ಪಾ! ನಿನ್ನ ದಮ್ಮಯ್ಯ!"

"ಸುಮ್ನಿರಜ್ಜಿ. ಸತ್ತೋರ ದೀಪ ಆರಿದ್ರೂ ಕಂಡೂ ಕಾಣದ ಹಾಗೆ ಹೋಗೋಕೆ ನಾನೇನು ಮನುಷ್ಯ ಅಲ್ವಾ?"

"ಅದು ನನ್ನ ಮಗಂದು ಕಣೋ!"

"ಮಗಂದಾ? ಥೂ! ಹೊತ್ತು ಹೆತ್ತವಳು, ಒಂದು ತೊಟ್ಟು ಎಣ್ಣೆ ಹಾಕಕ್ಕಾಗಲ್ವಾ? ನಾಚ್ಕೆ ಆಗ್ಬೇಕು ನಿಂಗೆ!"

ಹೀಗೆ ಬೈದು, ಗುಡಿಯೊಳಗಿನ ಬಾಟಲಿಯಿಂದ ಬಟ್ಟಲು ತುಂಬಾ ಎಣ್ಣೆ ಸುರಿದು ಹಚ್ಚಿಬಿಟ್ಟ. ಅವನ ಬೆನ್ನಿಗೇ ತಮ್ಮವರ ಕಾರು ಬಂತು. ನಿಧಾನವಾಯಿತು, ನೋಡಿತು, ಹೋಯಿತು. ಅರ್ಜಿದಾರಳು ಕೂಗುತ್ತಾ ಹಿಂದೆ ಓಡಿದ್ದನ್ನು ಅವರು ಬೀಳ್ಕೊಡುಗೆ ಎಂದು ಭಾವಿಸಿ ಕೈ ಬೀಸಿದರು. "ದೀಪವನ್ನು ಸ್ಥಳೀಯರು ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದಾರೆ" ಎಂದು ಹೊಸ ವರದಿ ಬಂದಿದೆ. ಆ ಚಾಲಕ ಸೋತಿರಿಸ್‌ನ ಕಾಫಿ ಅಂಗಡಿಗೆ ಬಂದು ಊರಿಗೆಲ್ಲ ಸಾರಿದ್ದರಿಂದ, ಈಗ ಹೋಗಿಬರುವವರೆಲ್ಲ ನಿಂತು ಎಣ್ಣೆ ಹಾಕುತ್ತಿದ್ದಾರೆ. ಅವನಿಗೆ ಪುಕ್ಕಟೆ ಕಾಫಿ ಕೊಟ್ಟವನು ಬರೆಯುವವನೇ ಎಂಬುದನ್ನು ಅರ್ಜಿದಾರಳ ಒತ್ತಾಯದ ಮೇರೆಗೆ ನಮೂದಿಸಲಾಗಿದೆ.

5. ಇಷ್ಟೆಲ್ಲ ಆದ ಮೇಲೆ ವಿಷಯ ತಿಳಿದ ವಾಯಾ ಅತ್ತೆಯ ಕೈ ಹಿಡಿದುಕೊಂಡಳು.

"ಅತ್ತೆ, ಅದನ್ನ ಆರಿಸ್ಬೇಡಿ. ಮಂಜಲ್ಲಿ ಅಂಚು ಎಲ್ಲಿದೆ ಅಂತ ನಂಗೆ ಗೊತ್ತಾಗೋದೇ ಅದರಿಂದ. ಅನೆಸ್ತಿಸ್ ಕಂಡ ಕೂಡ್ಲೇ ಬ್ರೇಕ್ ಒತ್ತೀನಿ."

ಅಂದರೆ ದೀಪ ಉರಿದರೆ ರಸ್ತೆ ದುರಸ್ತಿಯಾಗುವುದಿಲ್ಲ, ಆರಿದರೆ ಸೊಸೆ ಮನೆಗೆ ಬರುವುದಿಲ್ಲ. ಕಾಯ್ದೆ ಬರೆದ ಮಹನೀಯರು ಇದನ್ನು ಯಾವ ಹಂತದಲ್ಲಿ ಯೋಜಿಸಿದ್ದಾರೆಂದು ಅರ್ಜಿದಾರಳಿಗೆ ತಿಳಿಯದು.

ಆದ್ದರಿಂದ, ಮತ್ತೊಂದು ಪರಿಶೀಲನೆಗೆ ಆದೇಶಿಸಿ, ಆ ಸಂಜೆ ದೀಪ ಆರಿಸಲು ತಮ್ಮ ಕಚೇರಿಯಿಂದಲೇ ಒಬ್ಬ ನೌಕರನನ್ನು, ಸಾಧ್ಯವಾದರೆ ಮಕ್ಕಳಿಲ್ಲದವನನ್ನು, ಕಳುಹಿಸಿಕೊಡಬೇಕಾಗಿ ಕೋರಿಕೆ. ಅರ್ಜಿದಾರಳು ಆ ಹೊತ್ತು ಮನೆಯೊಳಗೆ ಬಾಗಿಲು ಹಾಕಿಕೊಂಡಿರುತ್ತಾಳೆ. ಕತ್ತಲೆಯನ್ನು ಬರೆದುಕೊಂಡಾದ ಮೇಲೆ, ವಾಯಾಳ ವ್ಯಾನ್ ಬರುವ ಮುಂಚೆ, ಅದೇ ನೌಕರನು ದೀಪವನ್ನು ಪುನಃ ಹಚ್ಚತಕ್ಕದ್ದು.

ತಮ್ಮ ಕಾಯ್ದೆಯಲ್ಲಿ ಇನ್ನೂ ವಿಶ್ವಾಸವಿಟ್ಟಿರುವ,
ಅರ್ಗಿರೋ ಕರಾವೆಲಾ

ಅಡಕಗಳು:
1) ಎರಡೂ ಪರಿಶೀಲನಾ ವರದಿಗಳ ನಕಲು.
2) ಆಲಿವ್ ಎಣ್ಣೆ, ಸಣ್ಣ ಬಾಟಲಿ.
3) ಬೆಂಕಿಪೊಟ್ಟಣ. ತಿರುವಿನಲ್ಲಿ ಗಾಳಿ ಜಾಸ್ತಿ. ಮೊದಲ ಕಡ್ಡಿಗೆ ಹತ್ತಲಿಲ್ಲವೆಂದು ಬಿಟ್ಟು ಬರಬಾರದೆಂದು ನೌಕರನಿಗೆ ಸೂಚಿಸುವುದು.