ಉಂಡು ಆಡಿದ ಹೋಮ್ ಮ್ಯಾಚು

ಡ್ರೈಯರಿನಿಂದ ಹೊರಬಿದ್ದ ಕಾಲುಚೀಲಗಳು ಇಪ್ಪತ್ತಮೂರು. ಹನ್ನೆರಡು ಜನರ ಕಾಲುಚೀಲ ಒಗೆಯಲು ಹಾಕಿದ ಮೇಲೆ ಇಪ್ಪತ್ತನಾಲ್ಕು ಬರಬೇಕು ಎನ್ನುವಷ್ಟು ಲೆಕ್ಕ ಅಚ್ಯುತನಿಗೆ ಬರುತ್ತಿತ್ತು. ಕಾಣೆಯಾದ ಒಂದಕ್ಕಾಗಿ ಅವನು ತಲೆಯನ್ನು ಡ್ರೈಯರಿನೊಳಗೆ ತೂರಿಸಿದ್ದಾಗಲೇ ಫೋನು ರಿಂಗಾಯಿತು. ಬೆಚ್ಚಿ ಎತ್ತಿದ ತಲೆ ಮೇಲಿನ ತಗಡಿಗೆ ಢಣ್ ಎಂದು ಬಡಿಯಿತು.

"ರೀ, ಏನದು ಸದ್ದು? ಕುಕ್ಕರ್ ಮುಚ್ಚಳ ಬಿತ್ತಾ?" ಅಡುಗೆಮನೆಯಿಂದ ರಮಾ ಕೂಗಿದಳು.

"ನನ್ನ ತಲೆ ಕಣೇ."

"ಓ, ಸರಿ," ಎಂದು ಅವಳು ನಿರಾಳವಾಗಿ ಬಿಸಿಬೇಳೆಬಾತು ಕೈಯಾಡಿಸತೊಡಗಿದಳು.

ಫೋನಿನಲ್ಲಿದ್ದವನು ಟೋನಿ, ಇವತ್ತಿನ ಎದುರಾಳಿ ಸ್ಯಾನ್ ಮಟಿಯೋ ಟೀಮಿನ ಮ್ಯಾನೇಜರು. ಮುಖ ನೋಡಿದ್ದಿಲ್ಲ, ದನಿ ಮಾತ್ರ ಪರಿಚಯ. ಸೇತುವೆಯ ಮೇಲೆ ಯಾವುದೋ ಲಾರಿ ಅಡ್ಡಬಿದ್ದು ಟ್ರಾಫಿಕ್ಕು ಇರುವೆ ಸಾಲಿನಂತಾಗಿದೆ, ಹತ್ತು ಗಂಟೆಯ ಮ್ಯಾಚಿಗೆ ತನ್ನ ಕಡೆಯವರು ಆರೋ ಏಳೋ ಜನ ಬಂದು ಮುಟ್ಟಿದರೆ ಹೆಚ್ಚು ಎಂದು ಅವನು ಹೇಳಿದ. ಅಚ್ಯುತ "ಅಯ್ಯೋ ಪಾಪ" ಎಂದ. ಫೋನಿಟ್ಟ ಮೇಲೆ ಮಾತ್ರ ಅವನಿಗೆ ವಿಷಯ ತಲೆಗೆ ಹೋಯಿತು. ಕೈಯಲ್ಲಿದ್ದ ಕಾಲುಚೀಲಕ್ಕೆ ಮುತ್ತಿಟ್ಟು ಎಸೆದ.

ಪ್ಲೆಸೆಂಟನ್ ಹೊಯ್ಸಳ ಎಫ್‌ಸಿ ಎಂಬ ಕ್ಲಬ್ಬನ್ನು ಆರು ವರ್ಷದ ಹಿಂದೆ ಕಟ್ಟಿದವನು ಅಚ್ಯುತ. ಈಗ ಅದರ ಸೆಕ್ರೆಟರಿ ಅವನೇ, ಅಗಸ ಅವನೇ, ಬೆಂಚಿನ ಮೇಲೆ ಕೂರುವ ಹನ್ನೆರಡನೆಯ ಆಟಗಾರನೂ ಅವನೇ. ಭಾನುವಾರದ ಲೀಗುಗಳಲ್ಲೇ ಕಟ್ಟಕಡೆಯ ಮೆಟ್ಟಿಲು ಇವರ ಲೀಗು. ಅದರಲ್ಲೂ ಈ ಸಲ ಒಂಬತ್ತು ಮ್ಯಾಚಿನಲ್ಲಿ ಎಂಟು ಸೋಲು, ಒಂದು ಡ್ರಾ. ಡ್ರಾ ಆದದ್ದು ಲೈಟು ಕೆಟ್ಟು ಆಟ ನಿಂತದ್ದಕ್ಕೆ. ಇವತ್ತಿನ ಕೊನೆಯ ಹೋಮ್ ಮ್ಯಾಚು ಗೆದ್ದರೆ ಕ್ಲಬ್ಬು ಲೀಗಿನಲ್ಲಿ ಉಳಿಯುತ್ತದೆ. ಇಲ್ಲವಾದರೆ ಜಾಗ ಬೇರೆಯವರಿಗೆ. ಭಾನುವಾರದ ಮೈದಾನವೂ ಬೇರೆಯವರಿಗೆ. ಆಮೇಲೆ ಅಚ್ಯುತ ಭಾನುವಾರಗಳಲ್ಲಿ ಯಾರ ಕಾಲುಚೀಲ ಎಣಿಸಬೇಕು?

ಅವನು ಕ್ಯಾಪ್ಟನ್ ಖಾಸಿಂಗೆ ಫೋನು ಮಾಡಿದ. ಮೈಸೂರಿನ ಖಾಸಿಂ ಆಫೀಸಿನಲ್ಲಿ ಬಲು ಗಂಭೀರ ಮನುಷ್ಯ. ಇವತ್ತು ಕಿರುಚಿದ. "ಏಳು ಜನ ಇಲ್ಲ ಅಂದ್ರೆ ವಾಕ್‌ಓವರು ಕಣೋ! ಆಡದೇನೇ ಮೂರು-ಸೊನ್ನೆ! ಆ ಲಾರಿ ಡ್ರೈವರ್‌ನ ಹುಡುಕಿ ಹಾರ ಹಾಕ್ಬೇಕು!"

ಇದೆಲ್ಲ ಕೇಳಿಸಿಕೊಳ್ಳುತ್ತ ಸೋಫಾದಲ್ಲಿ ಕೂತಿದ್ದವರು ರಮಾಳ ಅಪ್ಪ ಶಿವರುದ್ರಪ್ಪ. ಹಾವೇರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರಾಗಿದ್ದು, ಮೂರು ತಿಂಗಳ ಮಟ್ಟಿಗೆ ಪರದೇಶದ ಈ ಮಗಳ ಮನೆಗೆ ಬಂದವರು. ಹಾವು ತುಳಿದವರಂತೆ ಎದ್ದು ನಿಂತರು.

"ಏನಂದ್ರಿ ಅಳಿಯಂದ್ರ? ನಮ್ಮ ಮೈದಾನಕ್ಕ ಬಂದ ಮಂದೀನ ಆಡಸದನ ಹೊರಗ ಹಾಕ್ತೀರೇನು? ಹಡದವ್ವಾ! ಇಂಥಾದ್ದು ಕೇಳಾಕ ನಾ ಇಲ್ಲೀತನಕ ಬರಬೇಕಾತೇನು?"

"ರೂಲ್ಸು ಮಾವ..."

"ರೂಲ್ಸಿಗೆ ಬೆಂಕಿ ಹಚ್ರಿ. ಮದಲ ಅವರಿಗೆ ಉಣ್ಣಾಕ ಹಾಕ್ರಿ."

ಹೋಮ್ ಮ್ಯಾಚು ನಡೆಯುವ ಪಾರ್ಕಿನಲ್ಲಿ ಒಟ್ಟು ನಾಲ್ಕು ಮೈದಾನ, ನಡುವೆ ಮರಗಳ ಸಾಲು. ಊಟದ ಮೇಜು, ಓಕ್ ಮರದ ನೆರಳು ಎರಡೂ ಇರುವುದು ಎರಡನೆಯದರ ಪಕ್ಕದಲ್ಲಿ ಮಾತ್ರ. ಬಿಸಿಲಿನಲ್ಲಿ ಅನ್ನ ಇಟ್ಟರೆ ಹಳಸುತ್ತದೆ ಎಂದು ಶಿವರುದ್ರಪ್ಪ ತಾವೇ ಮುಂದೆ ನಡೆದು ಪಾತ್ರೆಗಳನ್ನು ಅಲ್ಲಿ ಇಳಿಸಿಸಿದರು. ಹೊಯ್ಸಳ ಎಫ್‌ಸಿಯ ಹುಡುಗರೆಂದರೆ ನಲವತ್ತು ದಾಟಿದ ಇಂಜಿನಿಯರುಗಳು. ಕಾರಿನಿಂದ ಇಳಿದು, ಮ್ಯಾಪು ನೋಡುವ ಗೋಜಿಗೆ ಹೋಗದೆ, ಒಗ್ಗರಣೆಯ ವಾಸನೆ ಹಿಡಿದು ನೇರ ಮೇಜಿನ ಬಳಿಗೆ ಬಂದರು.

ಒಂಬತ್ತೂವರೆಗೆ ಆ ಆರು ಜನ ಬಂದರು.

ಅವರ ಕೈಯಲ್ಲಿ ಒಂದು ಚೆಂಡು, ಒಂದು ಐಸ್ ಪೆಟ್ಟಿಗೆ. ಮೈಮೇಲೆ ಜರ್ಸಿಯಿಲ್ಲ, ಬೇರೆಬೇರೆ ಟೀ ಶರ್ಟು, ನಾಲ್ಕು ಮಾತ್ರ ನೀಲಿ. ಸ್ಯಾನ್ ಮಟಿಯೋದ ಬಣ್ಣ ನೀಲಿ.

"ಪಾಪ, ಜರ್ಸಿ ಎಲ್ಲ ಸೇತುವೆ ಮೇಲೆ ಸಿಕ್ಕಿಹಾಕ್ಕೊಂಡಿದೆ," ಎಂದ ಖಾಸಿಂ, ಎದುರಾಳಿಗಳನ್ನು ಎಣಿಸುತ್ತ. "ಆರು! ಬರೀ ಆರು! ಅಚ್ಯುತ, ಹಿಡ್ಕೊಳೋ ನನ್ನ, ತಲೆ ತಿರುಗ್ತಿದೆ."

ಅಚ್ಯುತ ಮುಂದೆ ಹೋಗಿ, ಎಲ್ಲರಿಗಿಂತ ಎತ್ತರವಾಗಿದ್ದ ಗಡ್ಡದವನ ಕೈ ಕುಲುಕಿ, ಕ್ಯಾಪ್ಟನ್ ನೀವೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಜೊತೆಯವರು ಗೊಳ್ಳೆಂದು ನಕ್ಕು, ಹೌದು ಹೌದು, ಇವನೇ ಕ್ಯಾಪ್ಟನ್ ಎಂದರು. ಮ್ಯಾಚಿಗೆ ತಯಾರಾ ಎಂದು ಕೇಳಿದ್ದಕ್ಕೆ ಗಡ್ಡದವನು ಹುಬ್ಬೇರಿಸಿ, "ಮ್ಯಾಚ್? ಶೂರ್, ವೈ ನಾಟ್!" ಎಂದ. ಸುಮ್ಮನೆ ನಾಲ್ಕು ಸಲ ಚೆಂಡು ಒದೆಯೋಣ ಅಂತ ಬಂದದ್ದು ಎಂದೂ ಸೇರಿಸಿದ.

"ಎಷ್ಟು ವಿನಯ ನೋಡಿ," ಎಂದಳು ರಮಾ ಮೆಚ್ಚಿ. "ನೀವುಗಳು ಆಟಕ್ಕೆ ಮುಂಚೆ ಏನ್ ಹಾರಾಡ್ತೀರಿ!"

ಅಷ್ಟರಲ್ಲಿ ಶಿವರುದ್ರಪ್ಪ ಆರೂ ಜನರ ಕೈಗೆ ತಟ್ಟೆ ಕೊಟ್ಟಾಗಿತ್ತು. ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ. ಸಾಕು ಎನ್ನಲು ಶಿವರುದ್ರಪ್ಪ ಬಿಡಲಿಲ್ಲ. ಅತಿಥಿಗಳನ್ನು ತಮ್ಮಷ್ಟಕ್ಕೇ ಉಣ್ಣಲು ಬಿಡಬಾರದೆಂದು ಹೊಯ್ಸಳರ ಹನ್ನೊಂದು ಜನವೂ ಜೊತೆಗೆ ಕೂತರು. ಬಿಸಿಬೇಳೆಬಾತಾಯಿತು, ಕೇಸರಿಬಾತಾಯಿತು, ಮೊಸರನ್ನಕ್ಕೆ ಬಂದಿತು.

ಅಚ್ಯುತನ ಏಳು ವರ್ಷದ ಮಗಳು ಗಾರ್ಗಿ ಗಡ್ಡದವನ ಮುಖವನ್ನೇ ನೋಡುತ್ತ ನಿಂತಿದ್ದಳು. ಏನೋ ಕೇಳಲು ಬಾಯಿ ತೆರೆದಳು. ಅಜ್ಜ ಅವಳ ಭುಜ ಹಿಡಿದು ಪಕ್ಕಕ್ಕೆ ಎಳೆದರು. "ಉಣ್ಣಾಕ ಕುಂತವರನ್ನ ಏನೂ ಕೇಳಬಾರದವ್ವಾ. ಯಾರು, ಎಲ್ಲಿಯವರು ಅಂತ ಕೇಳಿದ್ರ ಮುಂದಿನ ಎಲಿ ಕಸ್ಗೊಂಡಂಗ."

"ಬಟ್ ಅಜ್ಜಾ..."

"ಹಪ್ಪಳ ಕೊಟ್ಟು ಬಾ, ಹೋಗು."

ಹತ್ತಾಯಿತು, ಹತ್ತೂಕಾಲಾಯಿತು. ಏಳನೆಯವನೂ ಇಲ್ಲ, ಲೀಗು ಕಳಿಸಬೇಕಾದ ರೆಫ್ರಿಯೂ ಇಲ್ಲ. ರೆಫ್ರಿಯೂ ಅದೇ ಸೇತುವೆಯ ಮೇಲಿರಬೇಕೆಂದು ಎಲ್ಲರೂ ಒಪ್ಪಿಕೊಂಡರು. ಖಾಸಿಂ ಫೋನಿನಲ್ಲಿ ನಿಯಮಾವಳಿ ತೆಗೆದ. ರೆಫ್ರಿ ಬರದಿದ್ದರೆ ಎರಡೂ ಕ್ಯಾಪ್ಟನ್ನುಗಳು ಒಪ್ಪಿದ ಹಿರಿಯರೊಬ್ಬರು ಆಡಿಸಬಹುದು. ಜನ ಕಮ್ಮಿ ಬಿದ್ದ ಟೀಮಿಗೆ ಎದುರಾಳಿಗಳು ಮನಸ್ಸಿದ್ದರೆ ಆಟಗಾರನನ್ನು ಕೊಡಬಹುದು. ಎರಡನೆಯದನ್ನು ಅವನು ಮೆಲ್ಲಗೆ ಓದಿದ. ಆದರೆ ಡ್ರಿಲ್ ಮಾಸ್ತರ ಕಿವಿ ಚುರುಕು.

"ಮತ್ತ್ಯಾಕ ಚಿಂತಿ? ನಮ್ಮ ಅಳಿಯಂದ್ರು ಖಾಲೀನ ಕುಂತಾರಲ್ಲ, ಅವರನ್ನ ಕೊಡ್ರಿ. ಏಳು ಮಂದಿ ಆತು. ಏಳು ಅಂದ್ರ ಕಬಡ್ಡಿಗೆ ಪೂರಾ ಟೀಮು!"

ಅಚ್ಯುತನ ಮುಖ ಬಿಳಿಚಿಕೊಂಡಿತು. "ಮಾವ, ಇವತ್ತು ಗೆಲ್ಲದಿದ್ರೆ ನನ್ನ ಕ್ಲಬ್ಬೇ ಹೋಗತ್ತೆ. ನಾನೇ ಅದರ ವಿರುದ್ಧ ಆಡೋದಾ?"

"ಉಂಡು ಕುಂತ ಮಂದೀಗೆ ಈಗ ಮನಿಗೆ ಹೋಗ್ರಿ ಅಂತೀರೇನು?"

ಎಲ್ಲರೂ ಆರು ಜನರ ಕಡೆ ನೋಡಿದರು. ಅವರು ಉಪ್ಪಿನಕಾಯಿ ನೆಕ್ಕಿ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಇಂಥವರನ್ನು ಹೋಗಿ ಎನ್ನಲು ಹೊಯ್ಸಳರಲ್ಲಿ ಯಾರಿಗೂ ನಾಲಿಗೆ ಏಳಲಿಲ್ಲ. ಗಡ್ಡದವನ ಮುಂದೆ ಒಪ್ಪಿಗೆಯ ಕಾಗದ ಹಿಡಿದರೆ ಅವನು ಓದದೆ "ಶೂರ್, ವೈ ನಾಟ್" ಎಂದು ಗೀಚಿಕೊಟ್ಟ. ಅಚ್ಯುತ ಅವರ ಗೋಲಿಗೆ ಹೋಗಿ ನಿಂತ. ಶಿವರುದ್ರಪ್ಪ ಹೊತ್ತು ನೋಡಲು ಅಳಿಯನ ಫೋನು ಇಸಿದುಕೊಂಡು, ಮೂವತ್ತು ವರ್ಷದ ಹಳೆಯ ಸೀಟಿಯನ್ನು ಜೇಬಿನಿಂದ ತೆಗೆದು ಊದಿದರು.

ಅಂಥ ಫುಟ್‌ಬಾಲನ್ನು ಆ ಪಾರ್ಕು ಕಂಡಿರಲಿಲ್ಲ. ಹನ್ನೊಂದು ಜನ ಒಂದು ಕಡೆ, ಏಳು ಜನ ಇನ್ನೊಂದು ಕಡೆ, ಹೊಟ್ಟೆ ಮಾತ್ರ ಎಲ್ಲರದೂ ಒಂದೇ ಭಾರ. ತುಂಬಿದ ಗಾಡಿಗಳು ಏರಿ ಹತ್ತುವಂತೆ ಆಟಗಾರರು ಚಲಿಸುತ್ತಿದ್ದರು. ಚೆಂಡು ದೂರ ಹೋದರೆ ಯಾರೂ ಓಡುತ್ತಿರಲಿಲ್ಲ, ಅದಾಗೇ ನಿಲ್ಲಲಿ ಎಂದು ಕಾಯುತ್ತಿದ್ದರು.

ಗೋಲಿನಲ್ಲಿ ನಿಂತ ಅಚ್ಯುತನದು ಬೇರೆಯೇ ಸಂಕಟ. ಹಿಡಿದರೆ ಕ್ಲಬ್ಬು ಹೋಗುತ್ತದೆ, ಬಿಟ್ಟರೆ ನಿಯತ್ತು ಹೋಗುತ್ತದೆ. ಕೊನೆಗೆ, ಹಿಡಿಯಲು ಪ್ರಾಮಾಣಿಕವಾಗಿ ಪ್ರಯತ್ನಿಸುವುದು, ತನಗೆ ಹೇಗೂ ಹಿಡಿಯಲು ಬರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಮೊದಲ ಚೆಂಡಿಗೆ ಎಡಕ್ಕೆ ಹಾರಿದ. ಅದು ಬಲಕ್ಕೆ ಬಂದು ಅವನ ಹಿಮ್ಮಡಿಗೆ ಬಡಿದು ಹೊರಹೋಯಿತು. ಎರಡನೆಯದಕ್ಕೆ ಹೆದರಿ ಕೂತುಬಿಟ್ಟ. ನೆತ್ತಿಗೆ ತಾಗಿ ಮೇಲಕ್ಕೆ ಹಾರಿತು. ಮೂರನೆಯದು ಹೇಗೋ ತಾನಾಗಿ ಬಂದು ತೊಡೆಯ ಮೇಲೆ ಮಗುವಿನಂತೆ ಮಲಗಿತು.

"ಲೋ ದ್ರೋಹಿ!" ಖಾಸಿಂ ಗಂಟಲು ಹರಿದುಕೊಂಡ. "ಆರು ವರ್ಷದಲ್ಲಿ ನಮ್ಮ ಗೋಲಲ್ಲಿ ನಿಲ್ಲಿಸಿದಾಗೆಲ್ಲ ಒಂದ್ ಬಾಲ್ ಹಿಡೀಲಿಲ್ಲ! ಇವತ್ತೇ ಬೇಕಾಗಿತ್ತಾ?"

"ನಾನೆಲ್ಲೋ ಹಿಡಿದೆ? ಅದೇ ಬಂದು ಕೂತ್ಕೊಳತ್ತೆ!"

ಗಡ್ಡದವನು ಓಡಿಬಂದು ಅಚ್ಯುತನನ್ನು ಅಪ್ಪಿ ನೆಲದಿಂದ ಎತ್ತಿ ಇಳಿಸಿದ. ಮೇಜಿನ ಬಳಿ ರಮಾ ತಲೆಯ ಮೇಲೆ ಕೈಹೊತ್ತು ಕೂತಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಗಂಡನನ್ನು ಮೈದಾನದಲ್ಲಿ ಯಾರಾದರೂ ಅಪ್ಪಿಕೊಂಡದ್ದನ್ನು ಅವಳು ನೋಡಿದ್ದು ಇದೇ ಮೊದಲು. ಅದೂ ಎದುರು ಪಾರ್ಟಿಯವರು.

ಇನ್ನೆರಡು ನಿಮಿಷ ಉಳಿದಾಗಲೂ ಸೊನ್ನೆ-ಸೊನ್ನೆ. ಆಗ ನೀಲಿ ಶರ್ಟಿನವನೊಬ್ಬ ತೇಗು ಬಂದದ್ದಕ್ಕೆ ಬಾಯಿಗೆ ಅಡ್ಡವಾಗಿ ಕೈ ಎತ್ತಿದ, ಚೆಂಡು ಬಂದು ಕೈಗೇ ಬಡಿಯಿತು. ಶಿವರುದ್ರಪ್ಪ ಸೀಟಿ ಊದಿದರು. ಪೆನಾಲ್ಟಿ.

ಖಾಸಿಂ ಚೆಂಡು ಇಟ್ಟ. ಅಚ್ಯುತ ಗೆರೆಯ ಮೇಲೆ ಕಾಲಗಲಿಸಿ ನಿಂತ. ಆರು ವರ್ಷ, ಎಷ್ಟೋ ಭಾನುವಾರ, ಎಲ್ಲ ಈಗ ಆ ಒಂದು ಚೆಂಡಿನಲ್ಲಿತ್ತು. ಖಾಸಿಂ ಒದ್ದ. ಅಚ್ಯುತ ಕಣ್ಣು ಮುಚ್ಚಿ ಹಾರಿದ. ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು, ಕವುಚಿ ಬಿದ್ದಿದ್ದ ಅಚ್ಯುತನ ಬೆನ್ನ ಮೇಲೆ ಪುಟಿಯಿತು, ಮೆಲ್ಲಗೆ ಉರುಳುತ್ತ ಗೆರೆ ದಾಟಿ ಒಳಗೆ ಹೋಯಿತು.

ಗೋಲು! ಒಂದು-ಸೊನ್ನೆ! ಕ್ಲಬ್ಬು ಉಳಿಯಿತು!

ಹನ್ನೊಂದು ಜನ ಇಂಜಿನಿಯರುಗಳು ಅಚ್ಯುತನ ಮೇಲೆ ಮೂಟೆಗಳಂತೆ ಬಿದ್ದರು. ಖಾಸಿಂ ಅತ್ತುಬಿಟ್ಟ. ಸೋತ ಆರು ಜನವೂ ಚಪ್ಪಾಳೆ ತಟ್ಟಿ ಕುಣಿದರು. ಇಷ್ಟು ದೊಡ್ಡ ಮನಸ್ಸಿನವರನ್ನು ಹಾಗೇ ಕಳಿಸುವುದುಂಟೇ ಎಂದು ರಮಾ ಮತ್ತೆ ತಟ್ಟೆ ಹಾಕಿ ಉಳಿದ ಮೊಸರನ್ನ ಬಡಿಸಿದಳು. ಅವರು "ಶೂರ್" ಎಂದು ಕೂತರು.

ಆಗಲೇ ಮರಗಳ ಸಾಲಿನ ಆಚೆಯಿಂದ ಹನ್ನೊಂದು ಜನ ನಡೆದು ಬಂದರು. ಎಲ್ಲರ ಮೈಮೇಲೂ ಒಂದೇ ತರದ ನೀಲಿ ಜರ್ಸಿ. ಎದೆಯ ಮೇಲೆ ಸ್ಯಾನ್ ಮಟಿಯೋ ಎಂಬ ಅಕ್ಷರಗಳು. ಅವರ ಜೊತೆ ಕಪ್ಪು ಬಟ್ಟೆಯ, ಕೊರಳಿನಲ್ಲಿ ಸೀಟಿಯಿದ್ದ ಒಬ್ಬ ರೆಫ್ರಿ.

"ಅಚ್ಯುತ ಯಾರು?" ಎಂದಿತು ಒಂದು ಪರಿಚಿತ ದನಿ. ಟೋನಿ.

ಅಚ್ಯುತನ ಕೈ ತಾನಾಗಿ ಮೇಲೆದ್ದಿತು. ಉಳಿದ ದೇಹ ಮರಗಟ್ಟಿತ್ತು.

ಸೇತುವೆ ಬೇಗ ತೆರೆದುಬಿಟ್ಟಿತು, ಹತ್ತಕ್ಕೆ ಐದು ನಿಮಿಷವಿರುವಾಗಲೇ ಹನ್ನೊಂದು ಜನವೂ ಬಂದೆವು ಎಂದ ಟೋನಿ. ಲೀಗು ಇವತ್ತು ಕೊಟ್ಟಿರುವುದು ನಾಲ್ಕನೇ ಮೈದಾನ, ಅಲ್ಲಿ ಹತ್ತೂಕಾಲಿನ ತನಕ ಕಾದೆವು, ಫೋನು ಮಾಡಿ ಮಾಡಿ ಸಾಕಾಯಿತು, ಯಾರೋ ಕಟ್ ಮಾಡುತ್ತಲೇ ಇದ್ದರು, ಆಮೇಲೆ ನಾವು ನಾವೇ ಒಂದಿಷ್ಟು ಆಡಿ ಈಗ ಕಾರಿಗೆ ಹೊರಟೆವು, ಇಲ್ಲೇನೋ ಘಮಘಮ ಅಂತು ಎಂದ. ರೆಫ್ರಿ ಹಾಳೆ ತೋರಿಸಿದ. ಹೋಮ್ ಟೀಮು ಸ್ವಂತ ಹೋಮ್ ಮ್ಯಾಚಿಗೆ ಗೈರುಹಾಜರು. ಸ್ಯಾನ್ ಮಟಿಯೋಗೆ ವಾಕ್‌ಓವರು, ಮೂರು-ಸೊನ್ನೆ. ಲೀಗಿಗೆ ಆಗಲೇ ಕಳಿಸಿಯೂ ಆಗಿತ್ತು.

ಖಾಸಿಂ ಹಾಳೆ ಇಸಿದುಕೊಂಡು ಎರಡೆರಡು ಸಲ ಓದಿದ.

"ಮಾವ," ಎಂದ ಅಚ್ಯುತ, ಬಾವಿಯ ತಳದಿಂದ ಬಂದಂಥ ದನಿಯಲ್ಲಿ, "ನನ್ನ ಫೋನು..."

"ಹೌದ್ರಿ, ಏಳು ಸಲ ಬಡಕೊಂತು," ಎಂದರು ಶಿವರುದ್ರಪ್ಪ, ಫೋನು ಒರೆಸಿ ಕೊಡುತ್ತ. "ಆಟ ನಡದಾಗ ರೆಫ್ರಿ ಮಾತಾಡಬಾರದಲ್ಲ? ಏಳೂ ಸಲ ಕಟ್ ಮಾಡೀನಿ."

ಎಲ್ಲರ ಕಣ್ಣೂ ಮೆಲ್ಲಗೆ ಊಟದ ಮೇಜಿನ ಕಡೆ ಹೊರಳಿದವು. ಅಲ್ಲಿ ಆರು ಜನ ತಲೆ ಬಗ್ಗಿಸಿ ಬಲು ಶ್ರದ್ಧೆಯಿಂದ ಮೊಸರನ್ನ ಉಣ್ಣುತ್ತಿದ್ದರು. ಗಡ್ಡದವನು ತಲೆಯೆತ್ತಿ, ಇಷ್ಟು ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಹೆಬ್ಬೆರಳೆತ್ತಿ "ಆಸಮ್!" ಎಂದ.

ಯಾರೂ ಏನೂ ಕೇಳಲಿಲ್ಲ. ತಟ್ಟೆಯ ಮುಂದೆ ಕೂತವರನ್ನು ಹೇಗೆ ಕೇಳುವುದು?

ಮನೆಯಲ್ಲಿ ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಗಾರ್ಗಿ, ಅಪರಿಚಿತರಿಗೆ ತಿಳಿಯದಿರಲೆಂದು ಅವರ ಎದುರು ಮಾತ್ರ ಕನ್ನಡ ಆಡುತ್ತಿದ್ದಳು. ಅವಳು ಅಪ್ಪನ ಅಂಗಿಯ ತುದಿ ಹಿಡಿದು ಜಗ್ಗಿದಳು. ನಾಲ್ಕೂ ಮೈದಾನಕ್ಕೆ ಕೇಳಿಸುವಷ್ಟು ಸ್ಪಷ್ಟವಾಗಿ ಕೇಳಿದಳು:

"ಅಪ್ಪಾ, ಹಾಗಾದ್ರೆ ಈ ಊಟ ಮಾಡ್ತಿರೋರು ಯಾರು?"